ಆನೆಗೊಂದಿಯ ಮಾಳಿಗಿ ಮನಿ, ಮ್ಯಾಲಿನ ಚೌಳು ಮಣ್ಣು

ಅಂಜನಾದ್ರಿಗೆ ಹೊಂಟ ಗಾಡಿಗಳು ಆನೆಗೊಂದಿ ಊರೊಳಗ ನಿಲ್ಲೂದು ಕಡಿಮಿ. ಗುಡ್ಡದ 575 ಮೆಟ್ಟಲ ಹತ್ತಿ ಇಳದು, ಕಾಲು ನೋಯಸ್ಕೊಂಡು, ಗಂಗಾವತಿ ದಾರಿ ಹಿಡದುಬಿಡ್ತಾರ. ನಾವು ಇವತ್ತು ಗುಡ್ಡ ಬಿಟ್ಟೀವಿ. ಊರೊಳಗ ಮನಿ ನೋಡಾಕ ಹೊಂಟೀವಿ.

ಇದು ಗಗನ ಮಹಲ್. ಹೆಸರಿಗೆ ಮಹಲ್, ನೋಡಿದ್ರ ಎರಡಂತಸ್ತಿನ ದೊಡ್ಡ ಮನಿ. ಕಮಾನು ನೋಡ್ರಿ, ಹೊರಗ ಚಾಚಿದ ಆ ಮೊಗಸಾಲಿ ನೋಡ್ರಿ. ಹೊಳಿ ಆಚೆ ಹಂಪಿಯ ಕಮಲ ಮಹಲ್ ನೆನಪಾಗತೈತಿ, ಹೌದಲ್ಲ? ಅಲ್ಲಿ ಟಿಕೆಟ್ಟು, ಕ್ಯೂ, ಸೆಲ್ಫಿ. ಇಲ್ಲಿ ಹುಡುಗರ ಕ್ರಿಕೆಟ್ಟು. ನನಗ ಇದ ಚಲೋ ಅನಸ್ತದ.

1336ರಾಗ ವಿಜಯನಗರ ಹುಟ್ಟೋದಕ್ಕಿಂತ ಮೊದಲ ಆನೆಗೊಂದಿ ಇತ್ತು. 1565ರಾಗ ಆಚೆ ದಂಡಿ ಪಟ್ಟಣ ಹಾಳಾದ ಮ್ಯಾಲೂ ಉಳೀತು. ದೊಡ್ಡ ವ್ಯತ್ಯಾಸ ಇದರಾಗ ಐತಿ: ಹಂಪಿಯೊಳಗ ಕಲ್ಲು ಉಳದಾವ, ಇಲ್ಲಿ ಸಂಸಾರ ಉಳದಾವ. ಅದಕ್ಕ ನನ್ನ ಕ್ಯಾಮೆರಾ ಮಹಲ್ ಬಿಟ್ಟು ಪಕ್ಕದ ಓಣಿಗೆ ಹೊಂಟೈತಿ.

ಈ ಓಣ್ಯಾಗಿನಂಥಾ, ಮ್ಯಾಲ ಮಣ್ಣಿನ ಸಪಾಟ ಸೂರು ಇರೋ ಮನಿಗೆ ನಮ್ಮ ಕಡೆ ಮಾಳಿಗಿ ಮನಿ ಅಂತಾರ; ಆ ಸೂರ ಮಾಳಿಗಿ. ಮುಂದ ಕಟ್ಟಿ, ಒಳಗ ಪಡಸಾಲಿ, ಕಟಗಿ ಕಂಬ, ಅದರ ಮ್ಯಾಲ ತೊಲಿ. ಗ್ವಾಡಿ ಎಷ್ಟು ದಪ್ಪ ಅಂದ್ರ ಕಿಟಕಿಯೊಳಗ ಒಬ್ಬ ಹುಡುಗ ಕಾಲು ಮಡಚಿ ಕೂಡಬಹುದು. ಇದೊಂದು ಮನಿ ಅರ್ಧ ಬಿದ್ದೈತಿ. ಬಿದ್ದದ್ದು ಬ್ಯಾಸರದ ಮಾತು, ಆದ್ರ ಇಲ್ಲಿಂದ ಮಾಳಿಗಿ ಹೊಟ್ಟಿಯೊಳಗ ಏನೈತಿ ಅಂತ ಕಾಣತೈತಿ. ಹತ್ರ ತೋರಸ್ತೀನಿ, ತಡೀರಿ.

ಕೆಳಗ ತೊಲಿ. ಅದರ ಮ್ಯಾಲ ಅಡ್ಡಡ್ಡ ಜಂತಿ. ಜಂತಿ ಮ್ಯಾಲ ಕಟಗಿ ಚಕ್ಕಿ, ಅದರ ಮ್ಯಾಲ ಸೊಪ್ಪು. ಒಣಗಿ ಕರ್ರಗ ಆಗೈತಿ, ಮುಟ್ಟಿದ್ರ ಪುಡಿ. ಸೊಪ್ಪಿನ ಮ್ಯಾಲ ಕೆಸರು, ಕೆಸರಿನ ಮ್ಯಾಲ ಮತ್ತ ಮಣ್ಣು. ಕಡೀಗೆ, ಎಲ್ಲಕ್ಕೂ ಮ್ಯಾಲ, ಈ ಬೂದಿ ಬಣ್ಣದ ಪದರು ಕಾಣತೈತಲ್ಲ, ಅದು ಚೌಳು ಮಣ್ಣು.

ಇದರ ಬಗ್ಗೆ ಎರಡು ಮಾತು ಹೇಳಲಿಲ್ಲಂದ್ರ ಈ ವಿಡಿಯೋ ಮಾಡಿ ಉಪಯೋಗಿಲ್ಲ. ಚೌಳು ಅಂದ್ರ ರೈತನ ಎದಿ ಒಡೆಯೋ ಮಣ್ಣು. ಅದರಾಗ ಸೋಡಿಯಂ ಜಾಸ್ತಿ. ನೀರು ಬಿದ್ದ ಕೂಡ್ಲೆ ಜೇಡಿಯ ಸಣ್ಣ ಕಣ ಬಿಡಿಬಿಡಿಯಾಗಿ, ಮಣ್ಣಿನ ತೂತುಗಳೊಳಗ ಹೋಗಿ ಕೂಡ್ತಾವ. ನೀರು ಕೆಳಗ ಇಳಿಯೂದು ನಿಂತುಬಿಡ್ತದ. ಬೆಳಿ ಬರೂದಿಲ್ಲ. 1953ರಾಗ ತುಂಗಭದ್ರಾ ಅಣೆಕಟ್ಟು ಮುಗದು ಕಾಲುವಿ ನೀರು ಬಂತು, ಗಂಗಾವತಿ ಭತ್ತದ ಕಣಜ ಆತು, ಅದರ ಜೋಡಿ ನೀರು ನಿಂತು ನಿಂತು ಎಷ್ಟೋ ಹೊಲ ಚೌಳೂ ಆದವು. ಹೊಲದಾಗ ಅದು ಶಾಪ. ಮಾಳಿಗಿ ಮ್ಯಾಲ? ನೀರು ಇಳಿಯೂದಿಲ್ಲ, ಹುಲ್ಲು ಸುಲಭಕ್ಕ ಹುಟ್ಟೂದಿಲ್ಲ. ಸೂರಿಗೆ ಮತ್ತೇನು ಬೇಕು! ಯಾವ ಎಂಜಿನಿಯರ್ ಹೇಳಿಕೊಟ್ಟಾನ ಇದನ್ನ ನಮ್ಮ ಹಿರ್ಯಾರಿಗೆ?

ಆದ್ರ ಒಮ್ಮೆ ಹಾಕಿ ಮರತರ ನಡಿಯೂದಿಲ್ಲ. ಮಳಿ ಮಣ್ಣನ್ನ ಒಂದೀಟು ತೊಳಕೊಂಡು ಹೋಗತೈತಿ, ಬಿಸಿಲಿಗೆ ಬಿರುಕು ಬಿಡತೈತಿ. ಮುಂಗಾರು ಬರೂ ಮೊದಲ ಮ್ಯಾಲ ಹತ್ತಿ ಹೊಸ ಚೌಳು ಹಾಕಿ ಬಡೀಬೇಕು. ಬಿಟ್ರ ಸೋರತೈತಿ. ಸೋರಿದ್ರ ಜಂತಿ ಕೊಳೀತಾವ, ಗೆದ್ದಲಿ ಹತ್ತತಾವ, ತೊಲಿ ಕೂಡ್ತದ. ಈ ಬಿದ್ದ ಮನಿ ಕಥಿನೂ ಇದ ಇರಬೇಕು.

ಕಟ್ಟಿ ಮ್ಯಾಲ ಕುಂತಿದ್ದ ಅಜ್ಜಿನ್ನ ಕೇಳಿದೆ: "ಅಜ್ಜಿ, ಸ್ಲ್ಯಾಬ್ ಯಾಕ ಹಾಕಸಲಿಲ್ಲ?"

"ಮಗ ಅಂತಾನ ತಮ್ಮಾ, ಹಾಕಸೋಣ ಅಂತ. ನಾ ಹೋದ ಮ್ಯಾಲ ಹಾಕಸ್ಕೋ ಅಂದೀನಿ. ಸ್ಲ್ಯಾಬಿನ ಕೆಳಗ ಬ್ಯಾಸಿಗ್ಯಾಗ ನಿದ್ದಿ ಹತ್ತೂದಿಲ್ಲ."

"ಮಣ್ಣು ಯಾರು ಹಾಕ್ತಾರ ಈಗ?"

"ಅದ ಫಜೀತಿ. ಮೊದಲ ಮನಿ ಮಂದಿನ ಹಾಕ್ತಿದ್ವಿ. ಈಗ ಟ್ರ್ಯಾಕ್ಟರ್‌ನವ ಮಣ್ಣು ತಂದು ಬಾಗಲದಾಗ ಸುರದು ಹೋಗ್ತಾನ. ಮ್ಯಾಲ ಹತ್ತೋರು ಯಾರು? ನೀ ಹತ್ತತಿ ಏನು?"

ಕ್ಯಾಮೆರಾ ಹಿಡಕೊಂಡು ಸುಮ್ಮನ ನಕ್ಕೆ.

ಹಂಪಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 1986ರಾಗ. 1999ರಾಗ ಅಪಾಯದ ಪಟ್ಟಿಗೆ ಹೋಯ್ತು, ಇಲ್ಲೇ ಆನೆಗೊಂದಿ ಹೊಳಿಗೆ ಕಟ್ಟಾಕ ಹತ್ತಿದ್ದ ಸೇತುವಿಯೂ ಅದಕ್ಕೊಂದು ಕಾರಣ. 2006ರಾಗ ಆ ಪಟ್ಟಿಯಿಂದ ಹೊರಗ ಬಂತು. ಸೇತುವಿ ಕಟ್ಟತಾ ಇರುವಾಗ 2009ರಾಗ ಕುಸದು ಬಿತ್ತು. ಅದೊಂದು ಬ್ಯಾರೆ ವಿಡಿಯೋ. ಇಲ್ಲಿಗೆ ಸಂಬಂಧ ಏನಂದ್ರ, ಪರಂಪರೆ ಪ್ರದೇಶದಾಗ ಹೊಸದು ಕಟ್ಟಬೇಕಂದ್ರ ಪರವಾನಗಿ ಬೇಕು. ಕೆಡವಬ್ಯಾಡ ಅಂತ ಹೇಳಾಕ ಕಾನೂನು ಐತಿ. ವರ್ಷಾ ವರ್ಷಾ ಮಾಳಿಗಿ ಹತ್ತಾಕ ಕಾನೂನು ಬರೂದಿಲ್ಲ. ಪರಂಪರೆಗೆ ಅಂತ ಬರೋ ರೊಕ್ಕದಾಗ ಒಂದು ಪಾಲು ಚೌಳು ಮಣ್ಣಿಗೂ ಅದನ್ನ ಬಡಿಯೋರ ಕೂಲಿಗೂ ಇಟ್ರ, ಇಂಥಾ ಓಣಿ ಉಳೀತಾವ ಅಂತ ನನ್ನ ಲೆಕ್ಕ. ಬೋರ್ಡು ಒಂದು ಕಡಿಮಿ ಹಾಕಿದ್ರೂ ನಡೀತದ.

ಊರಾಗ ಕಿಷ್ಕಿಂದಾ ಟ್ರಸ್ಟ್‌ನವರು ಕೆಲವು ಹಳೇ ಮನಿ ರಿಪೇರಿ ಮಾಡ್ಯಾರ, ಪ್ರವಾಸಿಗರು ಉಳಿಯೋ ಹಂಗ. ಹೆಣ್ಣಮಕ್ಕಳು ಬಾಳಿ ನಾರಿನ ಚೀಲ, ಬುಟ್ಟಿ ಹೆಣಿತಾರ. ಹಳೇ ಮನಿ ಕೂಳು ಹುಟ್ಟಸಿದ್ರ ಯಾರೂ ಕೆಡವೂದಿಲ್ಲ, ಅದು ಸೀದಾ ಮಾತು. ಆದ್ರ ಎಲ್ಲಾ ಮನಿನೂ ಗೆಸ್ಟ್ ಹೌಸ್ ಆಗಾಕ ಬರತೈತೇನು? ಅಜ್ಜಿ ಎಲ್ಲಿ ಮಲಗಬೇಕು?

ಇಲ್ಲಿ ಉಳಿಯಾಕ ಬರೋರಿದ್ರ ಎಲ್ಲಾರೂ ಚಳಿಗಾಲ ಅಂತಾರ. ನಾನು ಹೇಳೂದು ಏಪ್ರಿಲ್‌ನಾಗ ಬರ್ರಿ. ಹೊರಗ ಬಂಡಿಗಲ್ಲು ಕಾದು, ಚಪ್ಪಲಿ ಇಲ್ದ ಕಾಲಿಡಾಕ ಆಗದಂಗ ಇರೋ ಮಧ್ಯಾಹ್ನ ಒಂದು ಮಾಳಿಗಿ ಮನಿ ಪಡಸಾಲ್ಯಾಗ ಕುಂದ್ರಿ. ಫ್ಯಾನ್ ಹಾಕಬ್ಯಾಡ್ರಿ.