ಮೊದಲು ಹಾಜರಿ ಕೂಗಿ

ಎಲ್ಲರಿಗೂ ನಮಸ್ಕಾರ. ಹಾಲ್‌ನಲ್ಲಿ ಕೂತವರಿಗೂ, ಆನ್‌ಲೈನ್‌ನಲ್ಲಿ ಇರುವವರಿಗೂ. ಆನ್‌ಲೈನ್‌ನವರಿಗೆ ಈ ನಮಸ್ಕಾರ ಇನ್ನೂ ತಲುಪಿಲ್ಲ. ಆ ಕಥೆಗೆ ಆಮೇಲೆ ಬರ್ತೀನಿ.

ನೀವೆಲ್ಲ ಕಾರ್ಯಕ್ರಮ ನಡೆಸಿ ಪಳಗಿದವರು. ವೇದಿಕೆ, ಲೈಟು, ಸೌಂಡು, ಕ್ಯಾಮೆರಾ ವಿಷಯದಲ್ಲಿ ನಾನು ಹೇಳಿಕೊಡುವಂಥದ್ದು ಏನೂ ಇಲ್ಲ. ನನ್ನ ತಕರಾರು ಒಂದೇ. ಬಂದವರ ತಲೆ ಎಣಿಸುತ್ತೇವೆ, ರಿಪೋರ್ಟಿನಲ್ಲಿ ಬರೆಯುತ್ತೇವೆ, ಮುಗೀತು. ಅವರಲ್ಲಿ ಒಬ್ಬರು ಬರದೇ ಹೋಗಿದ್ದರೆ ಕಾರ್ಯಕ್ರಮಕ್ಕೆ ಏನು ಕಮ್ಮಿ ಆಗುತ್ತಿತ್ತು? ಈ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ಅದು ಬಂದವರಿಗೂ ಗೊತ್ತಾಗಿಬಿಡುತ್ತದೆ.

ಹೈಬ್ರಿಡ್ ಸಭೆ, ಅಂದರೆ ಕೆಲವರು ಹಾಲ್‌ನಲ್ಲಿ, ಕೆಲವರು ದೂರದಿಂದಲೇ ಸೇರುವ ಸಭೆ, ಕೋವಿಡ್ ಕಾಲದ ಕೂಸು ಅಂತ ತುಂಬ ಜನ ನಂಬಿದ್ದಾರೆ. ನನಗೆ ಬಲು ಇಷ್ಟದ ಒಂದು ಘಟನೆ ಇದೆ, ಕೇಳಿ. ಹಿಂದೆಯೂ ನನ್ನ ಬಾಯಲ್ಲಿ ಕೇಳಿದವರು ಸುಮ್ನೆ ಸಹಿಸಿಕೊಳ್ಳಿ. 1915ರ ಜನವರಿಯಲ್ಲಿ ಅಮೆರಿಕದ ಪೂರ್ವ ತೀರದಿಂದ ಪಶ್ಚಿಮ ತೀರಕ್ಕೆ ಟೆಲಿಫೋನ್ ಲೈನ್ ಶುರುವಾಯಿತು. ಮರುವರ್ಷವೇ, 1916ರ ಮೇ 16ರಂದು, ಅಲ್ಲಿನ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆ ಆ ತಂತಿಯ ಮೇಲೆ ಒಂದು ಸಭೆ ನಡೆಸಿತು. ಸಭೆ ಒಂದೇ. ಜನ ಮಾತ್ರ ನ್ಯೂಯಾರ್ಕ್, ಬಾಸ್ಟನ್, ಷಿಕಾಗೊ, ಅಟ್ಲಾಂಟಾ, ಸ್ಯಾನ್ ಫ್ರಾನ್ಸಿಸ್ಕೊ ಅಂತ ಹಲವು ಊರುಗಳ ಹಾಲ್‌ಗಳಲ್ಲಿ. ಒಟ್ಟು ಐದು ಸಾವಿರಕ್ಕೂ ಜಾಸ್ತಿ. ಕೂತಲ್ಲೇ ಕಿವಿಗೆ ಹಿಡಿದು ಕೇಳಲು ರಿಸೀವರ್. ಅಧ್ಯಕ್ಷ ಜಾನ್ ಕಾರ್ಟಿ ನ್ಯೂಯಾರ್ಕಿನಲ್ಲಿ ಕೂತು ಸಭೆ ಆರಂಭಿಸಿದರು. ಒಂದೊಂದೇ ಊರಿನ ಹೆಸರು ಕರೆದು ಹಾಜರಿ ತೆಗೆದುಕೊಂಡರು. ಊರುಗಳು ಒಂದಾದ ಮೇಲೊಂದು ಓಗೊಟ್ಟವು.

ಸಾವಿರಾರು ಮೈಲಿ ಆಚೆಯವರು ಉತ್ತರ ಕೊಡುವುದನ್ನು ಆ ರಿಸೀವರ್ ಹಿಡಿದ ಪ್ರತಿಯೊಬ್ಬರೂ ಕೇಳಿಸಿಕೊಂಡರು. ಯಾರ‍್ಯಾರು ಜೊತೆಗಿದ್ದಾರೆ ಅಂತ ಎಲ್ಲರಿಗೂ ಗೊತ್ತಾಯಿತು. ಇವತ್ತು ನಮ್ಮ ಹತ್ತಿರ ಎಂಥೆಂಥ ತಂತ್ರಜ್ಞಾನ ಇದೆ! ಆನ್‌ಲೈನ್‌ನವರಿಗೆ ನಾವು ಕೊಡುವುದೇನು? ಪರದೆಯ ಮೂಲೆಯಲ್ಲಿ ಕಣ್ಣಿನ ಚಿತ್ರ, ಪಕ್ಕದಲ್ಲಿ ಒಂದು ಸಂಖ್ಯೆ. ಹಾಜರಿ ಕೂಗಿ ಸ್ವಾಮಿ. ಎಲ್ಲರ ಹೆಸರೂ ಆಗದಿದ್ದರೆ ಬೇಡ, ಊರಾದರೂ ಕೂಗಿ.

ಈಗ ಆ ನಮಸ್ಕಾರದ ಕಥೆ. ಸಾಮಾನ್ಯ ಲೈವ್ ಸ್ಟ್ರೀಮಿನಲ್ಲಿ ವಿಡಿಯೊ ಕೆಲವು ಸೆಕೆಂಡುಗಳ ತುಂಡುಗಳಾಗಿ ಹೋಗುತ್ತದೆ. ನೋಡುವವರ ಪ್ಲೇಯರ್ ಒಂದೆರಡು ತುಂಡು ಕೂಡಿಟ್ಟುಕೊಂಡೇ ತೋರಿಸಲು ಶುರುಮಾಡುತ್ತದೆ. ಹಾಗಾಗಿ ಎಷ್ಟೋ ಸಲ 10ರಿಂದ 30 ಸೆಕೆಂಡು ತಡ. ಈಗ ನಿರೂಪಕರನ್ನು ನೆನಪು ಮಾಡಿಕೊಳ್ಳಿ. "ಆನ್‌ಲೈನ್‌ನಲ್ಲಿ ಯಾರಿಗಾದರೂ ಪ್ರಶ್ನೆ ಇದೆಯಾ?" ಐದು ಸೆಕೆಂಡು ಲ್ಯಾಪ್‌ಟಾಪ್ ನೋಡುತ್ತಾರೆ. "ಯಾರೂ ಕೇಳ್ತಾ ಇಲ್ಲ, ಮುಂದಕ್ಕೆ ಹೋಗೋಣ." ಅಲ್ಲಿ ಆ ಪುಣ್ಯಾತ್ಮ ಇನ್ನೂ ಹಿಂದಿನ ಸ್ಲೈಡ್ ನೋಡುತ್ತಿದ್ದಾನೆ! ಕರೆ ಅವನ ಕಿವಿಗೆ ಬೀಳುವ ಹೊತ್ತಿಗೆ ಇಲ್ಲಿ ವಂದನಾರ್ಪಣೆ ಶುರುವಾಗಿರುತ್ತದೆ. ಆಮೇಲೆ ನಾವೇ ಹೇಳುತ್ತೇವೆ, ಆನ್‌ಲೈನ್‌ನವರಿಗೆ ಆಸಕ್ತಿ ಇಲ್ಲ ಅಂತ.

ಇದಕ್ಕೆ ದುಡ್ಡು ಬೇಕಿಲ್ಲ. ಪ್ರಶ್ನೆ ಕಳಿಸಿ ಅಂತ ಭಾಷಣ ಮುಗಿಯುವ ಮುಂಚೆಯೇ ಆನ್‌ಲೈನ್‌ನವರಿಗೆ ಹೇಳಿಬಿಡಿ, ಕಾಯುವ ಹೊತ್ತಿನಲ್ಲಿ ಭಾಷಣ ಸಾಗಲಿ. ಹಾಲ್‌ನಲ್ಲಿ ಒಬ್ಬರನ್ನು ಅವರ ಪರವಾಗಿ ಕೂರಿಸಿ, ಕೈಗೆ ಮೈಕ್ ಕೊಡಿ. ಟೆಕ್ನಿಷಿಯನ್ ಬೇಡ, ಪಾಪ ಅವರಿಗೆ ಬೇರೆ ಕೆಲಸ ಇದೆ. ಸಂಕೋಚ ಇಲ್ಲದೆ ಅಡ್ಡ ಬಾಯಿ ಹಾಕುವವರು ಬೇಕು. ಅಂಥವರು ಪ್ರತಿ ತಂಡದಲ್ಲೂ ಒಬ್ಬರು ಇದ್ದೇ ಇರುತ್ತಾರೆ, ಅಲ್ವಾ?

ಇನ್ನು ಹೆಸರಿನ ವಿಷಯ. ಈಮೇಲ್ ತಲೆಯಲ್ಲಿ ಸಾಫ್ಟ್‌ವೇರ್ ಹೆಸರು ತುಂಬಿಸಿದ ಮಾತ್ರಕ್ಕೆ ಆತ್ಮೀಯತೆ ಬರುವುದಿಲ್ಲ. 1959ರಲ್ಲಿ ನೆವಿಲ್ ಮೋರೆ ಎಂಬ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಒಂದು ಕಿವಿಯ ಮಾತಿಗೆ ಮಾತ್ರ ಗಮನ ಕೊಡಿ ಅಂತ ಹೇಳಿ, ಇನ್ನೊಂದು ಕಿವಿಯಲ್ಲಿ ಕೇಳುಗರ ಹೆಸರು ಹೇಳಿಸಿದರು. ಸುಮಾರು ಮೂರರಲ್ಲಿ ಒಂದು ಪಾಲು ಜನ ಅದನ್ನು ಗುರುತಿಸಿದರು. ಹೆಸರಿಗೆ ಅಷ್ಟು ಶಕ್ತಿ ಇದೆ, ನಿಜ. ಆದರೆ ಹೆಸರು ಕರೆದ ಮೇಲೆ ಹೇಳುವುದಕ್ಕೆ ಏನಾದರೂ ಇರಬೇಕಲ್ಲ? ರಿಜಿಸ್ಟ್ರೇಶನ್ ಫಾರಂನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: ಈ ವಿಷಯದಲ್ಲಿ ನಿಮ್ಮ ತಲೆ ತಿನ್ನುತ್ತಿರುವುದು ಏನು? ಶಿಕ್ಷಕರ ಸಭೆ ಅಂತಿಟ್ಟುಕೊಳ್ಳಿ. ಒಬ್ಬರು ಬರೆಯುತ್ತಾರೆ, "ಹಿಂದಿನ ಬೆಂಚಿನ ಮಕ್ಕಳು ಬಾಯೇ ಬಿಡುವುದಿಲ್ಲ." ಆ ಸಾಲು ಭಾಷಣಕಾರರ ಕೈಗೆ ಮೊದಲೇ ಸೇರಬೇಕು. "ಆನ್‌ಲೈನ್‌ನಲ್ಲಿರುವ ಒಬ್ಬರು ಹೀಗೆ ಬರೆದಿದ್ದಾರೆ" ಅಂತ ಅವರು ಎತ್ತಿಕೊಂಡರೆ ಆ ವ್ಯಕ್ತಿ ನೆಟ್ಟಗೆ ಕೂರುತ್ತಾರೆ. ಅದೇ ತಾಪತ್ರಯ ಇರುವ ಇನ್ನೊಬ್ಬರು ಹಾಲ್‌ನಲ್ಲಿ ಸಿಕ್ಕರೆ, ಒಪ್ಪಿಗೆ ಕೇಳಿ ಇಬ್ಬರಿಗೂ ಪರಿಚಯ ಮಾಡಿಸಿ. ಬರೆದದ್ದನ್ನು ಓದುವುದಿಲ್ಲ ಅಂದರೆ ಆ ಪ್ರಶ್ನೆ ಕೇಳಲೇಬೇಡಿ.

ಐದು ನಿಮಿಷ ಅಂತ ಚೀಟಿ ಬಂತು. ಹಾಗಾದರೆ ಬೇಗ ಬೇಗ ಹೇಳುತ್ತೇನೆ. ಬ್ಯಾಡ್ಜಿನಲ್ಲಿ ಹೆಸರು ದಪ್ಪಗಿರಲಿ, ಎರಡೂ ಬದಿ ಅಚ್ಚಾಗಲಿ. ಅದು ಯಾವಾಗಲೂ ತಿರುಗಿಯೇ ನೇತಾಡುತ್ತದೆ. ಗುಂಪು ಚರ್ಚೆಗೆ ನಾಲ್ಕು ಜನ ಸಾಕು, ಐದನೆಯವರು ಬಂದರೆ ಒಬ್ಬರು ಬರೀ ಪ್ರೇಕ್ಷಕ. ಹಾಲ್‌ನ ಪ್ರಶ್ನೆಯನ್ನು ಮೈಕ್‌ನಲ್ಲಿ ಮತ್ತೊಮ್ಮೆ ಹೇಳಿ, ಇಲ್ಲದಿದ್ದರೆ ಆನ್‌ಲೈನ್‌ನವರಿಗೆ ಬರೀ ಉತ್ತರ ಕೇಳಿಸುತ್ತದೆ. ಫೀಡ್‌ಬ್ಯಾಕ್ ಬಗ್ಗೆ ಮೂರು ಸ್ಲೈಡ್ ಇತ್ತು, ಕಳಿಸಿಕೊಡುತ್ತೇನೆ. ಅಡ್ಡ ಬಾಯಿಯವರು ಎಲ್ಲಿದ್ದೀರಿ? ಮೈಕ್ ತಗೊಳ್ಳಿ.