ಚಳಿಗಾಲಕ್ಕೆ ಬೈಕು ಒಳಗಿಡುವ ಮುನ್ನ

ಕೇಳುಗ ಬಂಧುಗಳಿಗೆ ನಮಸ್ಕಾರ.

ಅಕ್ಟೋಬರ್ ಮುಗಿಯುತ್ತಾ ಬಂತು. ಟೊರಾಂಟೊ ಸುತ್ತಮುತ್ತ ಬೆಳಗಿನ ಹೊತ್ತು ಕಾರಿನ ಗಾಜಿನ ಮೇಲೆ ಹಿಮದ ತೆಳುಪದರ ಕಾಣತೊಡಗಿದೆ. ಒಟ್ಟಾವಾ ಕಡೆಯವರು ಆಗಲೇ ದಪ್ಪ ಜಾಕೆಟ್ಟುಗಳನ್ನು ಹೊರತೆಗೆದಿದ್ದಾರೆ. ಇನ್ನು ಕೆಲವು ವಾರಗಳಲ್ಲಿ ಲಾರಿಗಳು ರಸ್ತೆಗೆ ಉಪ್ಪು ಸುರಿಯಲು ಶುರುಮಾಡುತ್ತವೆ. ಉಪ್ಪು ಬಿದ್ದ ರಸ್ತೆಗೆ ಬೈಕು ಇಳಿಸಬಾರದು. ಹಾಗಾಗಿ ಒಂಟಾರಿಯೋದಲ್ಲಿ ಬೈಕು ಇಟ್ಟುಕೊಂಡಿರುವ ನಮ್ಮವರೆಲ್ಲ ಏಪ್ರಿಲ್‌ವರೆಗೆ ಅದನ್ನು ಒಳಗಿಡಲೇಬೇಕು. ಹೇಗೆ ಇಡಬೇಕು ಎಂಬುದೇ ಇವತ್ತಿನ ಮಾತು.

ಚಳಿಗೆ ಬೈಕು ಕೆಡುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ಒಣ ಚಳಿ ಕಬ್ಬಿಣಕ್ಕೆ ಏನೂ ಮಾಡುವುದಿಲ್ಲ. ಬೈಕನ್ನು ತಿನ್ನುವುದು ನೀರು. ಟ್ಯಾಂಕಿನೊಳಗೆ, ಆಯಿಲಿನೊಳಗೆ, ಸೈಲೆನ್ಸರಿನೊಳಗೆ, ಬ್ರೇಕ್ ಆಯಿಲಿನೊಳಗೆ ಕಣ್ಣಿಗೆ ಬೀಳದೆ ಸೇರಿಕೊಳ್ಳುವ ತೇವ. ಇಷ್ಟು ಮನಸ್ಸಿನಲ್ಲಿದ್ದರೆ ಯಾವ ಕೆಲಸವನ್ನು ಏಕೆ ಮಾಡಬೇಕೆಂದು ಪಟ್ಟಿ ನೋಡದೆಯೇ ತಿಳಿಯುತ್ತದೆ.

ಪೆಟ್ರೋಲಿನಿಂದ ಆರಂಭಿಸೋಣ, ಏಕೆಂದರೆ ವಸಂತದಲ್ಲಿ ಮೆಕ್ಯಾನಿಕ್ ಬಳಿ ಹೋಗುವ ಬೈಕುಗಳಲ್ಲಿ ಹೆಚ್ಚಿನವು ಪೆಟ್ರೋಲಿನ ದೆಸೆಯಿಂದಲೇ ಹೋಗುತ್ತವೆ. ಇಲ್ಲಿಯ ಸಾಮಾನ್ಯ ಪೆಟ್ರೋಲಿನಲ್ಲಿ ಸುಮಾರು ಶೇ 10ರಷ್ಟು ಎಥನಾಲ್ ಎಂಬ ಮದ್ಯಸಾರ ಇರುತ್ತದೆ. ಎಥನಾಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರನ್ನು ಅದು ತನ್ನಲ್ಲಿ ಬೆರೆಸಿಕೊಂಡಿರಬಲ್ಲದು, ಆದರೆ ಚಳಿ ಏರಿದಷ್ಟೂ ಆ ಶಕ್ತಿ ಕುಗ್ಗುತ್ತದೆ. ಒಂದು ಹಂತ ದಾಟಿದ ಮೇಲೆ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲನ್ನು ಬಿಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ನು ಮೊದಲು ಹೀರುವುದು ತಳದಲ್ಲಿರುವುದನ್ನೇ. ಟ್ಯಾಂಕು ಅರ್ಧ ಖಾಲಿಯಿದ್ದರೆ ಒಳಗಿನ ಗಾಳಿ ಹಗಲು ರಾತ್ರಿಯ ಏರಿಳಿತಕ್ಕೆ ಬೆವರುತ್ತದೆ, ಮೇಲುಭಾಗದ ಬರಿಯ ಲೋಹ ತುಕ್ಕು ಹಿಡಿಯುತ್ತದೆ. ಆದ್ದರಿಂದ ಕೊನೆಯ ಸವಾರಿಯಲ್ಲಿ ಬಂಕಿಗೆ ಹೋಗಿ ಟ್ಯಾಂಕನ್ನು ಹೆಚ್ಚುಕಡಿಮೆ ಪೂರ್ತಿ ತುಂಬಿಸಿ. ಎಥನಾಲ್ ಇಲ್ಲದ ಪೆಟ್ರೋಲ್ ಸಿಕ್ಕರೆ ಇನ್ನೂ ಒಳ್ಳೆಯದು. ಜೊತೆಗೆ ಫ್ಯೂಯಲ್ ಸ್ಟೆಬಿಲೈಸರ್ ಎಂಬ ದ್ರಾವಣವನ್ನು ಬಾಟಲಿಯ ಮೇಲೆ ಬರೆದಿರುವ ಅಳತೆಗೆ ಸರಿಯಾಗಿ ಹಾಕಿ. ಹಾಕಿದ ಮೇಲೆ ಹತ್ತು ನಿಮಿಷ ಎಂಜಿನ್ ಓಡಿಸಿ. ಟ್ಯಾಂಕಿನಲ್ಲಿ ಬೆರೆತದ್ದು ಪೈಪು, ಇಂಜೆಕ್ಟರುಗಳಿಗೂ ಇಳಿಯಬೇಕು. ಅನೇಕರು ಈ ಹತ್ತು ನಿಮಿಷವನ್ನು ಬಿಟ್ಟುಬಿಡುತ್ತಾರೆ.

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಇರುವ ಹಳೆಯ ಬೈಕಿಗೆ ಇನ್ನೊಂದು ಕೆಲಸ ಉಂಟು. ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರಿನ ತಳದಲ್ಲಿರುವ ಚಿಕ್ಕ ಸ್ಕ್ರೂ ಸಡಿಲಿಸಿ, ಫ್ಲೋಟ್ ಬೌಲಿನಲ್ಲಿ ನಿಂತಿರುವ ಪೆಟ್ರೋಲನ್ನು ಒಂದು ಬಟ್ಟಲಿಗೆ ಇಳಿಸಬೇಕು. ಹಾಗೆಯೇ ಬಿಟ್ಟ ಒಂದು ಕಾರ್ಬುರೇಟರನ್ನು ವಸಂತದಲ್ಲಿ ಬಿಚ್ಚಿ ನೋಡಿ. ಬೌಲಿನ ಗೋಡೆಗೆ ಹಸಿರು ಮಿಶ್ರಿತ ಹಳದಿ ಬಣ್ಣದ, ಹಲಸಿನ ಮೇಣದಂಥ ಅಂಟು ಹತ್ತಿರುತ್ತದೆ. ಹಳಸಿದ ಪೆಟ್ರೋಲಿನ ಹುಳಿ ವಾಸನೆ ಮೂಗಿಗೆ ಅಡರುತ್ತದೆ. ಐಡಲಿಂಗಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಆಚೆಯ ಬೆಳಕು ಕಾಣುವುದಿಲ್ಲ. ಅರ್ಧ ಮಿಲಿಮೀಟರಿಗಿಂತ ಸಣ್ಣದಾದ ಆ ರಂಧ್ರ ಮುಚ್ಚಿಹೋದರೆ ಎಷ್ಟು ಕಿಕ್ ಹೊಡೆದರೂ ಬೈಕು ಐಡಲಿಂಗಿನಲ್ಲಿ ನಿಲ್ಲುವುದಿಲ್ಲ.

ವಾಟರ್‌ಲೂನಲ್ಲಿ ಓದುತ್ತಿರುವ, ನಮ್ಮ ಮಲೆನಾಡಿನ ಕಡೆಯ ಹುಡುಗನೊಬ್ಬ ಈಚೆಗೆ ಸೆಕೆಂಡ್ ಹ್ಯಾಂಡ್ ಬೈಕು ಕೊಂಡಿದ್ದಾನೆ. ಅವನು ಕೇಳಿದ: “ಅಂಕಲ್, ಇಷ್ಟೆಲ್ಲ ಏಕೆ? ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಟ್ಟರೆ ಸಾಲದೇ? ಊರಿನಲ್ಲಿ ಅಪ್ಪ ನನ್ನ ಹಳೆಯ ಬೈಕನ್ನು ಹಾಗೆಯೇ ನೋಡಿಕೊಳ್ಳುತ್ತಿದ್ದಾರೆ.”

ಈ ಪ್ರಶ್ನೆ ನಿಮ್ಮಲ್ಲಿ ಅನೇಕರದೂ ಆಗಿರಬಹುದು. ಸಾಲದು ಎಂದಷ್ಟೇ ಅಲ್ಲ, ಅದರಿಂದ ಕೆಡುಕೇ ಹೆಚ್ಚು. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಡನೆ ಸೇರಿ ಆಗುವ ನೀರು ಅದು. ಎಂಜಿನ್ನು ಚೆನ್ನಾಗಿ ಕಾದಿದ್ದರೆ ಆ ನೀರು ಹಬೆಯಾಗಿ ಸೈಲೆನ್ಸರಿನಿಂದ ಆಚೆ ಹೋಗುತ್ತದೆ. ಮೈನಸ್ 10 ಡಿಗ್ರಿಯ ಗ್ಯಾರೇಜಿನಲ್ಲಿ ಐದು ನಿಮಿಷ ಓಡಿಸಿದರೆ ಕಾಯುವುದೆಲ್ಲಿಂದ ಬಂತು? ಹಬೆ ತಣ್ಣನೆಯ ಸೈಲೆನ್ಸರಿನ ಒಳಗೋಡೆಗೆ ತಗುಲಿ ಅಲ್ಲೇ ನೀರಾಗಿ ನಿಲ್ಲುತ್ತದೆ. ಇನ್ನೊಂದಿಷ್ಟು ಪಿಸ್ಟನ್ ಪಕ್ಕದಿಂದ ಇಳಿದು ಆಯಿಲಿನೊಳಗೆ ಸೇರುತ್ತದೆ. ವಾರಕ್ಕೊಮ್ಮೆ ಹೀಗೆ ಮಾಡಿದರೆ ಬೈಕಿನ ಒಳಗೆ ನಾವೇ ನೀರು ಹೊಯ್ದಂತೆ. ಸ್ಟಾರ್ಟರ್ ಮೋಟಾರು ಬ್ಯಾಟರಿಯಿಂದ ಕಸಿದುಕೊಂಡದ್ದು ಐದು ನಿಮಿಷದ ಐಡಲಿಂಗಿನಲ್ಲಿ ಮರಳಿ ತುಂಬುವುದೂ ಇಲ್ಲ. ಇದೆಲ್ಲಕ್ಕಿಂತ ದೊಡ್ಡ ಮಾತು: ಮನೆಗೆ ಅಂಟಿಕೊಂಡಿರುವ ಗ್ಯಾರೇಜಿನಲ್ಲಿ, ಚಳಿಗೆಂದು ಬಾಗಿಲು ಮುಚ್ಚಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ಅನಿಲ ಮನೆಯೊಳಗೆ ನುಗ್ಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಜೀವ ತೆಗೆಯುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಒಮ್ಮೆ ಒಳಗಿಟ್ಟ ಬೈಕನ್ನು ಮತ್ತೆ ರಸ್ತೆಗಿಳಿಸುವ ದಿನದವರೆಗೂ ಸ್ಟಾರ್ಟ್ ಮಾಡಬೇಡಿ.

ಎಂಜಿನ್ ಆಯಿಲನ್ನು ವಸಂತದಲ್ಲಿ ಬದಲಾಯಿಸಿದರಾಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೇಸಿಗೆಯಿಡೀ ಓಡಿದ ಆಯಿಲಿನಲ್ಲಿ ತೇವವೂ ಆಮ್ಲಗಳೂ ಸೇರಿರುತ್ತವೆ. ಅವು ಐದು ತಿಂಗಳು ಬೇರಿಂಗುಗಳ ಮೇಲೆ ಕುಳಿತಿರುವುದು ಬೇಡ. ಎಂಜಿನ್ ಬಿಸಿಯಿರುವಾಗ ಡ್ರೈನ್ ಬೋಲ್ಟ್ ತೆಗೆದರೆ ಕೊಳೆಯೆಲ್ಲ ಆಯಿಲಿನ ಜೊತೆಗೇ ಇಳಿದು ಬರುತ್ತದೆ. ಹೊಸ ಫಿಲ್ಟರ್, ಹೊಸ ಆಯಿಲ್ ಹಾಕಿ ಎರಡು ನಿಮಿಷ ಓಡಿಸಿ ನಿಲ್ಲಿಸಿ.

ರೇಡಿಯೇಟರ್ ಇರುವ ಬೈಕಾದರೆ ಎಂಜಿನ್ನನ್ನು ತಂಪಾಗಿಡುವ ಕೂಲಂಟನ್ನು ನೋಡಿ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಬರಿಯ ನೀರು ತುಂಬಿಸಿಟ್ಟ ಎಂಜಿನ್ನು ಒಡೆಯುವುದು ಹಾಗೆ. ಕೂಲಂಟಿನಲ್ಲಿ ಹೆಪ್ಪುಗಟ್ಟದಂತೆ ತಡೆಯುವ ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಸಮವಾಗಿದ್ದರೆ ಮೈನಸ್ 35 ಡಿಗ್ರಿಯವರೆಗೂ ಭಯವಿಲ್ಲ. ಬೇಸಿಗೆಯಲ್ಲಿ ದಾರಿ ನಡುವೆ ಕುಡಿಯುವ ನೀರನ್ನು ಸುರಿದು ಮನೆ ಸೇರಿದ್ದರೆ ಈಗ ಅದನ್ನು ಪೂರ್ತಿ ಬದಲಾಯಿಸಿ.

ಇನ್ನು ಬ್ಯಾಟರಿ. ಚೆನ್ನಾಗಿ ಚಾರ್ಜ್ ಆಗಿರುವ ಲೆಡ್ ಆಸಿಡ್ ಬ್ಯಾಟರಿ ಒಂಟಾರಿಯೋದ ಯಾವ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಪೂರ್ತಿ ಇಳಿದ ಬ್ಯಾಟರಿಯಲ್ಲಿ ಉಳಿದಿರುವುದು ಹೆಚ್ಚುಕಡಿಮೆ ನೀರೇ ಆದ್ದರಿಂದ ಮೈನಸ್ 10ರ ಆಸುಪಾಸಿನಲ್ಲೇ ಅದು ಗಡ್ಡೆಯಾಗಿ, ಒಳಗಿನ ಹಲಗೆಗಳು ಬಾಗಿ, ಕವಚ ಸೀಳುತ್ತದೆ. ಬೀಗದ ಕೈ ತೆಗೆದಿಟ್ಟರೂ ಗಡಿಯಾರ, ಅಲಾರಂಗಳು ಚೂರುಚೂರೇ ಕರೆಂಟು ಹೀರುತ್ತಿರುತ್ತವೆ. ಬ್ಯಾಟರಿಯನ್ನು ಬಿಚ್ಚಿ ಒಳಗೆ ತನ್ನಿ. ಮೊದಲು ಋಣ ತಂತಿ, ಆಮೇಲೆ ಧನ ತಂತಿ. ಮತ್ತೆ ಜೋಡಿಸುವಾಗ ಮೊದಲು ಧನ. ಟರ್ಮಿನಲ್ಲಿನ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ. ನೊರೆ ಬಂದು ಅದು ಬಿಡುತ್ತದೆ. ಆಮೇಲೆ ಒರೆಸಿ ಒಣಗಿಸಿ ತೆಳುವಾಗಿ ವ್ಯಾಸಲೀನ್ ಸವರಿ. ಚಾರ್ಜ್ ತಾನಾಗಿಯೇ ಕಾಯ್ದುಕೊಳ್ಳುವ ಚಿಕ್ಕ ಮೇಂಟೇನರ್ ಯಂತ್ರಕ್ಕೆ ಜೋಡಿಸಿಟ್ಟರೆ ವಸಂತದವರೆಗೆ ಚಿಂತೆಯಿಲ್ಲ. ಲಿಥಿಯಂ ಬ್ಯಾಟರಿಗೆ ಬೇರೆಯೇ ಚಾರ್ಜರ್ ಬೇಕು, ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಲೇಬಾರದು.

ಬೈಕನ್ನು ತೊಳೆದು ಒಣಗಿಸುವುದು, ಚೈನನ್ನು ಸೀಮೆಎಣ್ಣೆಯಲ್ಲಿ ಒರೆಸಿ ಲೂಬ್ ಹಚ್ಚುವುದು, ಟೈರುಗಳಿಗೆ ಸ್ವಲ್ಪ ಹೆಚ್ಚು ಗಾಳಿ ಹೊಡೆಸಿ ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸುವುದು ನಿಮಗೆ ಗೊತ್ತಿರುವಂಥವೇ. ಮುಚ್ಚುವ ಹೊದಿಕೆಯ ಬಗ್ಗೆ ಮಾತ್ರ ಒಂದು ಮಾತು. ಪ್ಲಾಸ್ಟಿಕ್ ಟಾರ್ಪಾಲು ಬೇಡ, ಒಳಗೆ ನಿಂತ ತೇವ ಆಚೆ ಹೋಗುವುದಿಲ್ಲ. ಗಾಳಿಯಾಡುವ ಬಟ್ಟೆ ಇರಲಿ. ಸೈಲೆನ್ಸರಿನ ಬಾಯಿಗೂ ಗಾಳಿ ಎಳೆದುಕೊಳ್ಳುವ ಕಡೆಗೂ ಬಟ್ಟೆಯ ಉಂಡೆ ತುರುಕಿ, ಕಾಣುವಂತೆ ಕೆಂಪು ದಾರ ಕಟ್ಟಿಡಿ. ಇಲ್ಲದಿದ್ದರೆ ಇಲಿಗಳು ಏರ್ ಫಿಲ್ಟರಿನ ಡಬ್ಬಿಯಲ್ಲಿ ಸಂಸಾರ ಹೂಡುತ್ತವೆ, ವಯರುಗಳನ್ನೂ ಕಡಿಯುತ್ತವೆ. ನೀರು ಕಾಯಿಸುವ ಗ್ಯಾಸ್ ಬಾಯ್ಲರ್ ಇರುವ ಕೋಣೆಯಲ್ಲಿ ಪೆಟ್ರೋಲ್ ತುಂಬಿದ ಬೈಕನ್ನು ಯಾವ ಕಾರಣಕ್ಕೂ ಇಡಬೇಡಿ.

ಆ ಹುಡುಗ ಹೇಳಿದ ಅಪ್ಪನ ವಿಷಯಕ್ಕೆ ಬರುತ್ತೇನೆ. ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಮಡಿಕೇರಿಯಲ್ಲೋ ಬೈಕು ಬಿಟ್ಟು ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿ ಹಿಮವಿಲ್ಲ, ಉಪ್ಪಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವಷ್ಟು ತೇವ ಇರುತ್ತದೆ. ಬೈಕಿನ ಪಾಲಿಗೆ ಮಲೆನಾಡಿನ ಮಳೆಗಾಲ ಇಲ್ಲಿಯ ಚಳಿಗಾಲಕ್ಕಿಂತ ಕಠಿಣ ಎಂದೇ ನನ್ನ ಅಭಿಪ್ರಾಯ. ಈಗ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆಸುತ್ತಾರೆ, ಅಂದರೆ ತೇವ ಎಳೆಯುವುದು ಇನ್ನೂ ಹೆಚ್ಚು. ಅಲ್ಲಿಯ 2020ಕ್ಕಿಂತ ಹಿಂದಿನ ಬಹುತೇಕ ಬೈಕುಗಳಲ್ಲಿ ಇರುವುದು ಕಾರ್ಬುರೇಟರೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಹಳೆಯ ಎಜ್ಡಿ ನಿಮ್ಮ ಮನೆಯಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಆ ಕಾರ್ಖಾನೆ 1996ರಲ್ಲೇ ಮುಚ್ಚಿತು, ಒಳಗೆ ತೂತುಬಿದ್ದ ಮೂಲ ಟ್ಯಾಂಕಿಗೆ ಬದಲಿಯಾಗಿ ಇನ್ನೊಂದು ಮೂಲ ಟ್ಯಾಂಕು ಹುಡುಕುವುದು ಸುಲಭವಲ್ಲ.

ಮಗನ ಬೈಕೆಂದು ಅಕ್ಕರೆಯಿಂದ ಭಾನುವಾರ ಬೆಳಗ್ಗೆ ಕಿಕ್ ಹೊಡೆದು ಐದು ನಿಮಿಷ ಓಡಿಸಿ ನಿಲ್ಲಿಸುವ ತಂದೆಯವರಿಗೆ ಬೇಡ ಎನ್ನಲು ಮನಸ್ಸು ಬರುವುದಿಲ್ಲ, ನಿಜ. ಆದರೂ ಹೇಳಿ. ಓಡಿಸುವುದಾದರೆ ಬಿಸಿಲಿರುವ ದಿನ ಹತ್ತು ಹದಿನೈದು ಕಿಲೋಮೀಟರ್ ಹೋಗಿ ಬರಲಿ, ಎಂಜಿನ್ನೂ ಸೈಲೆನ್ಸರೂ ಚೆನ್ನಾಗಿ ಕಾಯಲಿ. ಅವರಿಗೆ ಆಗದಿದ್ದರೆ ಪರಿಚಯದ ಮೆಕ್ಯಾನಿಕ್ಕನ್ನು ಮನೆಗೆ ಕರೆಸಿ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿ, ಒಂದು ಲೋಟ ಎಂಜಿನ್ ಆಯಿಲ್ ಹಾಕಿ ಟ್ಯಾಂಕನ್ನು ಅತ್ತಿತ್ತ ವಾಲಿಸಿ ಒಳಗೆಲ್ಲ ಸವರಿಸಿ, ಉಳಿದ ಆಯಿಲನ್ನು ಹೊರಚೆಲ್ಲಲಿ. ಕಾರ್ಬುರೇಟರಿನ ಬೌಲ್ ಖಾಲಿಯಾಗಲಿ. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು, ಕಿಕ್ಕರನ್ನು ಕೈಯಿಂದ ನಿಧಾನವಾಗಿ ನಾಲ್ಕಾರು ಸಲ ಒತ್ತಿ, ಪ್ಲಗ್ ಮತ್ತೆ ಕೂರಿಸಲಿ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಇರಲಿ, ತಿಂಗಳಿಗೊಮ್ಮೆ ಚಾರ್ಜ್ ಆಗಲಿ. ಅಲ್ಲಿ ಈಗಷ್ಟೇ ಮಳೆ ಹಿಂದೆ ಸರಿದಿದೆ. ಈ ಭಾನುವಾರ ಮನೆಗೆ ಫೋನ್ ಮಾಡಿದಾಗ, ಬೈಕಿನ ಮೇಲಿನ ಟಾರ್ಪಾಲು ತೆಗೆಸಿ ಟ್ಯಾಂಕಿನ ಮುಚ್ಚಳ ತೆರೆದು ಟಾರ್ಚ್ ಬಿಟ್ಟು ಒಳಗಿನ ಬಣ್ಣ ನೋಡಲು ಹೇಳಿ. ಕಂದು ಬಣ್ಣ ಕಂಡರೆ ಮೆಕ್ಯಾನಿಕ್ ಬರುವವರೆಗೂ ಯಾರೂ ಅದನ್ನು ಸ್ಟಾರ್ಟ್ ಮಾಡುವುದು ಬೇಡ.

ನಮಸ್ಕಾರ.