ಒಂದು ಕುಂಡ ಮಗುವಿಗೆ ಬಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೇಸಿಗೆ ಮುಗಿಯುತ್ತಾ ಬಂತು. ಕೃತ್ತಿಕೆ ಮಳೆ ಕಳೆದು ಮೇ 25ರ ಸುಮಾರಿಗೆ ರೋಹಿಣಿ ಮಳೆ ಹುಟ್ಟುತ್ತದೆ. ಅದರ ಹಿಂದೆಯೇ ಮುಂಗಾರು. ಕೈತೋಟದಲ್ಲಿ ಟೊಮೆಟೊ ಗಿಡಗಳು ಸೊರಗಿವೆ. ಬೆಂಡೆ ಗಿಡದ ತುದಿಯಲ್ಲಿ ಉಳಿದಿರುವ ಕಾಯಿ ಬಲಿತು ನಾರಾಗಿದೆ. ಮನೆಯೊಳಗೆ ಮಕ್ಕಳಿಗೆ ರಜೆ ಬೇಜಾರಾಗಿದೆ, ಅಮ್ಮಂದಿರಿಗೆ ಸುಸ್ತಾಗಿದೆ. ಶಾಲೆ, ಅಂಗನವಾಡಿ ಶುರುವಾಗಲು ಇನ್ನೂ ಸ್ವಲ್ಪ ದಿನ ಇದೆ.

ನಾನು ತೋಟಗಾರಿಕೆ ಇಲಾಖೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಈ ಸಮಯದಲ್ಲಿ ಯಾವ ಬೀಜ ಹಾಕಬೇಕು, ಎಷ್ಟು ಗೊಬ್ಬರ ಕೊಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಅದನ್ನೂ ಹೇಳುತ್ತೇನೆ. ಆದರೆ ಮನೆಯಲ್ಲಿ ಮೂರರಿಂದ ಆರು ವರ್ಷದ ಮಗು ಇದ್ದರೆ, ಮೊದಲು ಒಂದು ಮಾತು ಕೇಳಿ. ಒಂದು ಕುಂಡವನ್ನು ಆ ಮಗುವಿಗೆ ಬಿಟ್ಟುಕೊಡಿ. ಬಿಟ್ಟುಕೊಟ್ಟ ಮೇಲೆ ನೀವು ಅದಕ್ಕೆ ಕೈ ಹಾಕಬೇಡಿ.

ದುಡ್ಡು ಕೊಟ್ಟು ಕುಂಡ ತರಬೇಕಾಗಿಲ್ಲ. ಒಡೆದ ಬಕೆಟ್ ಆದರೂ ಆಗುತ್ತದೆ. ತಳಕ್ಕೆ ತೂತು ಇರಬೇಕು, ತೂತಿನ ಮೇಲೆ ಒಂದು ಹೆಂಚಿನ ಚೂರು ಇಡಿ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಹಸಿ ಸಗಣಿ ಬೇಡ, ಅದರ ಬಿಸಿಗೆ ಎಳೆ ಬೇರು ಸುಟ್ಟುಹೋಗುತ್ತದೆ. ಮಣ್ಣು ಕಲಸುವ ಕೆಲಸವನ್ನು ಮಗುವೇ ಮಾಡಲಿ. ಬಟ್ಟೆ ಕೊಳೆಯಾಗುತ್ತದೆ, ಆಗಲಿ ಬಿಡಿ. ಆಮೇಲೆ ಸೋಪು ಹಾಕಿ ಕೈ ತೊಳೆಸಿದರಾಯ್ತು.

ಬೀಜ ಯಾವುದು? ಅಲಸಂದೆ. ಅಡುಗೆಮನೆ ಡಬ್ಬದಲ್ಲಿರುವ ಕಾಳೇ ಸಾಕು, ತೀರಾ ಹಳೆಯದಾಗಿರಬಾರದು ಅಷ್ಟೇ. ಚಿಕ್ಕ ಮಗುವಿಗೆ ತಾಳ್ಮೆ ಕಡಿಮೆ. ಕೊತ್ತಂಬರಿ ಹಾಕಿದರೆ ಹತ್ತು ದಿನ ಕಾಯಬೇಕಾಗುತ್ತದೆ, ಅಷ್ಟರಲ್ಲಿ ಮಗು ಮರೆತೇಬಿಡುತ್ತದೆ. ಅಲಸಂದೆ ಈ ಬಿಸಿಲಿಗೆ ಮೂರು ನಾಲ್ಕು ದಿನದಲ್ಲಿ ಮಣ್ಣು ಸೀಳಿಕೊಂಡು ಏಳುತ್ತದೆ. ಕಾಳೂ ದಪ್ಪ, ಪುಟ್ಟ ಕೈಗೆ ಚೆನ್ನಾಗಿ ಸಿಗುತ್ತದೆ. ಮಗುವಿನ ಬೆರಳು ಎರಡು ಗೆಣ್ಣು ಇಳಿಯುವಷ್ಟು ಆಳ ಸಾಕು.

ಈಗ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ಎಲ್ಲಿ ಮಾತಾಡಲು ಕರೆದರೂ ಇದನ್ನು ನಾನು ಹೇಳುತ್ತೇನೆ.

ಮಗಳು, ಅಳಿಯ, ಮೊಮ್ಮಗಳು ಬೇಸಿಗೆ ರಜೆಗೆ ಬೆಂಗಳೂರಿನಿಂದ ಹಾಸನಕ್ಕೆ ಬಂದಿದ್ದರು. ಮೊಮ್ಮಗಳಿಗೆ ಆಗ ನಾಲ್ಕು ವರ್ಷ. ಅವಳಿಗೂ ಒಂದು ಕುಂಡ ಕೊಟ್ಟೆ, ಅಲಸಂದೆ ಹಾಕಿದಳು. ಒಂದೇ ಒಂದು ಮೊಳಕೆ ಬಂತು. ಮೊದಲ ಜೋಡಿ ಎಲೆ ಬಿಚ್ಚಿತು. ಅದರಲ್ಲಿ ಒಂದನ್ನು ಮಿಡತೆಯೋ ಏನೋ ಅರ್ಧ ತಿಂದುಹಾಕಿತು. ಮೇ ತಿಂಗಳ ಬಿಸಿಲು ಬೇರೆ. ಮಧ್ಯಾಹ್ನದ ಹೊತ್ತಿಗೆ ಗಿಡ ತಲೆ ಬಗ್ಗಿಸಿ ಜೋತುಬಿದ್ದಿತ್ತು.

ಅಳಿಯನಿಗೆ ಮಗಳೆಂದರೆ ಪ್ರಾಣ. ಗಿಡ ಸತ್ತುಹೋಯಿತು, ಮಗು ಅಳುತ್ತಾಳೆ ಅಂದುಕೊಂಡರು. ರಾತ್ರಿ ಅವಳು ಮಲಗಿದ ಮೇಲೆ ಆ ಗಿಡ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು. ನನ್ನ ಪಾತಿಯಿಂದ ಒಂದು ಒಳ್ಳೆಯ ಅಲಸಂದೆ ಸಸಿಯನ್ನು ಮಣ್ಣು ಸಮೇತ ಎತ್ತಿ ಆ ಕುಂಡಕ್ಕೆ ನೆಟ್ಟರು. ಬೆಳಿಗ್ಗೆ ಮಗು ಖುಷಿಯಾಗಲಿ ಅಂತ.

ಬೆಳಿಗ್ಗೆ ಅವಳು ಬಂದು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಸುಮ್ಮನೆ ನೋಡಿದಳು. ಆಮೇಲೆ, “ಅಜ್ಜಿ, ಇದು ನಂದಲ್ಲ” ಅಂದಳು. ಅಳಿಯ, “ನಿಂದೇ ಪುಟ್ಟಿ, ರಾತ್ರಿ ದೊಡ್ಡದಾಗಿದೆ” ಅಂದರು. ಅವಳು ಒಪ್ಪಲಿಲ್ಲ. “ನಂದಕ್ಕೆ ಎರಡೇ ಎಲೆ. ಒಂದನ್ನ ಹುಳ ತಿಂದಿತ್ತು. ಇದಕ್ಕೆ ಮೂರು ಮೂರು ಎಲೆ ಇದೆ” ಅಂದಳು.

ಕೇಳಿದಿರಾ? ಅಲಸಂದೆಯ ಮೊದಲ ಜೋಡಿ ಎಲೆ ಬಿಡಿ ಎಲೆ. ಆಮೇಲೆ ಬರುವುದೆಲ್ಲ ಮೂರು ಮೂರು ಕೂಡಿದ ಎಲೆ. ಇದನ್ನು ನಾವು ಪುಸ್ತಕ ಓದಿ ಕಲಿತೆವು. ಅವಳು ದಿನಾ ಬೆಳಿಗ್ಗೆ ಕೂತು ನೋಡಿ ಕಲಿತಿದ್ದಳು.

ಆಮೇಲೆ ನಿಜ ಹೇಳಲೇಬೇಕಾಯಿತು. ಅಳಲಿಲ್ಲ ಅವಳು. ನನ್ನ ಕೈ ಹಿಡಿದು ಗೊಬ್ಬರದ ಗುಂಡಿಗೆ ಎಳೆದುಕೊಂಡು ಹೋದಳು. ತರಕಾರಿ ಸಿಪ್ಪೆ, ತರಗೆಲೆ ಎಲ್ಲಾ ಸರಿಸಿದಾಗ ಗಿಡ ಸಿಕ್ಕಿತು. ಗುಂಡಿಯ ತಂಪಿಗೆ ಬೇರು ಒಣಗಿರಲಿಲ್ಲ. ಎಲೆಗಳ ನಡುವೆ ಇರುವ ಸುಳಿ ಸಾಸಿವೆ ಕಾಳಿನಷ್ಟು ಹಸಿರಾಗಿಯೇ ಇತ್ತು. ಸುಳಿ ಇದ್ದರೆ ಗಿಡ ಇದೆ ಅಂತಲೇ ಲೆಕ್ಕ. ಮತ್ತೆ ನೆಟ್ಟೆವು, ನೆರಳಲ್ಲಿಟ್ಟೆವು. ವಾರ ಕಳೆಯುವಷ್ಟರಲ್ಲಿ ಆ ಸುಳಿಯಿಂದ ಮೊದಲ ಮೂರೆಲೆ ಬಂತು. ಅವಳು ಮನೆಯವರನ್ನೆಲ್ಲ ಕರೆದು ತೋರಿಸಿದಳು. ಊರಿಗೆ ಹೋಗುವಾಗ ಕುಂಡವನ್ನು ಕಾರಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಹೋದಳು. ಮಳೆಗಾಲದಲ್ಲಿ ಅವರ ಬಾಲ್ಕನಿ ಕಂಬಿಗೆ ಬಳ್ಳಿ ಹಬ್ಬಿ ಕಾಯಿ ಬಿಟ್ಟಿತು. ಒಂದು ಹೊತ್ತಿನ ಪಲ್ಯಕ್ಕೂ ಸಾಲದಷ್ಟು ಕಾಯಿ. ಅದನ್ನೇ ಬೇಳೆಸಾರಿಗೆ ಹಾಕಿಸಿಕೊಂಡು ಉಂಡಳಂತೆ.

ಅದಕ್ಕೇ ಹೇಳುತ್ತೇನೆ, ಆ ಕುಂಡಕ್ಕೆ ಕೈ ಹಾಕಬೇಡಿ. ಪ್ರೀತಿಯಿಂದಲೂ ಬೇಡ. ಗಿಡ ವಕ್ರವಾಗಿ ಬರಲಿ, ಸಾಯಲಿ. ಸತ್ತರೆ ಇನ್ನೊಂದು ಕಾಳು ಕೊಡಿ. ಗುಟ್ಟಾಗಿ ಗಿಡ ಬದಲಾಯಿಸಬೇಡಿ. ನೀವು ನೋಡದ್ದನ್ನು ಮಗು ನೋಡಿರುತ್ತದೆ.

ಇನ್ನು ಈ ಮಧ್ಯಾಹ್ನ ಬಾಡುವ ವಿಚಾರ. ಉರಿಬಿಸಿಲಲ್ಲಿ ಎಲೆ ಜೋತುಬಿದ್ದರೆ ಗಿಡ ಸತ್ತಿತು ಅಂತಲ್ಲ. ಬೇರು ಕೊಡುವ ನೀರಿಗಿಂತ ಎಲೆಯಿಂದ ಆರಿಹೋಗುವ ನೀರು ಜಾಸ್ತಿ, ಅಷ್ಟೇ. ಸಂಜೆ ನೋಡಿ. ತಾನೇ ನೆಟ್ಟಗಾಗಿದ್ದರೆ ಏನೂ ತೊಂದರೆ ಇಲ್ಲ. ಸಂಜೆಯೂ ಬಾಡಿದ್ದರೆ ಮಣ್ಣೊಳಗೆ ಬೆರಳಿಟ್ಟು ನೋಡಿ, ಒಣಗಿದ್ದರೆ ನೀರು ಕೊಡಿ. ನೀರು ಹಾಕುವುದು ಬೆಳಿಗ್ಗೆ ಬಿಸಿಲೇರುವ ಮೊದಲು, ಇಲ್ಲವೇ ಸಂಜೆ. ಮಗುವಿಗೆ ಚೊಂಬು ಕೊಟ್ಟರೆ ಒಂದೇ ಸಲ ಸುರಿದು ಬೀಜವೆಲ್ಲ ಮೇಲೆ ಬರುತ್ತದೆ. ನೀರಿನ ಬಾಟಲಿಯ ಮುಚ್ಚಳಕ್ಕೆ ನೀವು ನಾಲ್ಕಾರು ತೂತು ಮಾಡಿ ಕೊಡಿ, ಹನಿಹನಿಯಾಗಿ ಬೀಳುತ್ತದೆ. ಮಣ್ಣಿನ ಮೇಲೆ ತರಗೆಲೆ ಹೊದಿಸಿದರೆ ತೇವ ಆರುವುದು ನಿಧಾನವಾಗುತ್ತದೆ. ತರಗೆಲೆ ಆರಿಸಿ ತರುವುದು ಮಕ್ಕಳಿಗೆ ಬಹಳ ಇಷ್ಟದ ಕೆಲಸ, ಅಲ್ವಾ?

ಇಲ್ಲಿ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ನಿಮ್ಮ ಪಾತಿಗೆ ಈಗ ಬೆಂಡೆ, ಹೀರೆ, ಹಾಗಲ ಹಾಕಿ. ಬೀಜವನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಬಿತ್ತಿ. ಬೆಂಡೆಯಲ್ಲಿ ಅರ್ಕಾ ಅನಾಮಿಕ ಸಿಕ್ಕರೆ ತನ್ನಿ. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ ಅದು, ಎಲೆಯ ನರ ಹಳದಿಯಾಗುವ ನಂಜು ರೋಗವನ್ನು ತಡೆದುಕೊಳ್ಳಲೆಂದೇ ಬೆಳೆಸಿದ್ದು. ಹಿಟ್ಟು ತಿಗಣೆ ಬಂದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ನೀರು ಕದಡಿ ಸಂಜೆ ಹೊಡೆಯಿರಿ. ಅಂಗಡಿಯ ಕೀಟನಾಶಕ ಮಗು ಇರುವ ಮನೆಯ ಕೈತೋಟಕ್ಕೆ ಬೇಡವೇ ಬೇಡ.

ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ತಟ್ಟೆ ಉಜ್ಜಿ ಒಣಗಿಸಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಲ್ಲೇ. ಗಿಡಕ್ಕೆಂದು ತುಂಬಿಟ್ಟ ಬಕೆಟ್ ನೀರಿನ ಹತ್ತಿರ ಚಿಕ್ಕ ಮಗುವನ್ನು ಒಂದು ನಿಮಿಷವೂ ಒಬ್ಬಂಟಿ ಬಿಡಬೇಡಿ. ಕಣಗಿಲೆ, ಉಮ್ಮತ್ತಿ ಗಿಡ ಹಿತ್ತಲಲ್ಲಿದ್ದರೆ ತೆಗೆಸಿಬಿಡಿ, ಎರಡೂ ವಿಷ.

ಕೊನೆಗೆ, ಮನೆಯಲ್ಲಿ ಈಗ ಮಾವಿನಹಣ್ಣು ಇದೆಯಲ್ಲಾ, ಆ ವಾಟೆಯನ್ನು ಎಸೆಯಬೇಡಿ. ತೊಳೆದು ಮಗುವಿನ ಕೈಯಲ್ಲಿ ಇನ್ನೊಂದು ಕುಂಡಕ್ಕೆ ಹಾಕಿಸಿ. ವಾಟೆ ಒಣಗಿ ತಿಂಗಳುಗಟ್ಟಲೆ ಬಿದ್ದರೆ ಮೊಳೆಯುವುದಿಲ್ಲ, ಹಾಗಾಗಿ ತಿಂದ ವಾರದಲ್ಲೇ ಹಾಕಬೇಕು. ಎಲೆ ಮೊದಲು ತಾಮ್ರದ ಬಣ್ಣದಲ್ಲಿ ಬರುತ್ತದೆ, ಆಮೇಲೆ ಹಸಿರಾಗುತ್ತದೆ. ಅದನ್ನು ನೀವು ಮೊದಲೇ ಹೇಳಿಬಿಡಬೇಡಿ, ಮಗುವೇ ಬಂದು ನಿಮಗೆ ಹೇಳಲಿ. ನಮಸ್ಕಾರ.